ಏನೂ ಇಲ್ಲ

ಮುಳಗುಂದ ನಾಕಾದ ಆಚೆ, ನಲ್ಲಿ ಪೈಪು ಮಾರುವ
ಅಂಗಡಿಯ ಮೇಲಿನ ಎರಡು ಕೋಣೆ ನಮ್ಮ ಸಂಸ್ಥೆ.
ಗುಡ್ಡ ಉಳಿಸುವ ಕೆಲಸ ಎಂದು ಹೇಳಿಕೊಳ್ಳುತ್ತೇವೆ,
ಗುಡ್ಡ ಮಾತ್ರ ನಮ್ಮ ಕಿಟಕಿಗೆ ಕಾಣುವುದಿಲ್ಲ;
ಕಾಣುವುದು ಎದುರಿನ ನೀರಿನ ಟಾಕಿ,
ಅದರ ಮೇಲೆ ಒಣಹಾಕಿದ ಯಾರದೋ ಲುಂಗಿ.

ನಾನು ಲೆಕ್ಕದಾಕೆ.
ಹದಿನಾಲ್ಕು ವರ್ಷ: ಡೀಸೆಲ್ಲಿಗೆ ಇಷ್ಟು, ಪಂಚರಿಗೆ ಇಷ್ಟು,
ಬೆಂಕಿ ಆರಿಸಲು ಬಂದ ಹುಡುಗರ ಮಿರ್ಚಿ ಮಂಡಕ್ಕಿಗೆ ಇಷ್ಟು.
ಒಂದು ಪೈಸೆ ಸುಳ್ಳು ಬರೆದವಳಲ್ಲ.
ಪಗಾರ ಎರಡು ತಿಂಗಳು ತಡವಾದಾಗ
ತಡವೆಂದೇ ಬರೆದೆ, ಕೆಂಪು ಶಾಯಿಯಲ್ಲಿ.

ಚಿತ್ರ ಆರಿಸುವ ರೋಹಿಣಿ ಬಾಣಂತನಕ್ಕೆ
ನರೇಗಲ್ಲಿಗೆ ಹೋದಳು.
'ಅಕ್ಕಾರ, ಈ ಸಲ ನೀವ ನೋಡ್ರಿ' ಎಂದು ಶಾಂತಗೌಡ್ರು
ಕ್ಯಾಲ್ಕುಲೇಟರಿನ ಪಕ್ಕ ಒಂದು ಕಾರ್ಡು ಇಟ್ಟರು.
ಉಗುರಿನಷ್ಟಿತ್ತು. ಅದರೊಳಗೆ
ಕಪ್ಪತಗುಡ್ಡದ ಐವತ್ತೆರಡು ರಾತ್ರಿ.

ಗಿಡಕ್ಕೆ ಕಟ್ಟಿದ ಕ್ಯಾಮೆರಾ, ಬಲು ಪೆದ್ದು;
ಏನು ಅಲುಗಿದರೂ ತೆಗೆದುಬಿಡುತ್ತದೆ.
ಆರು ಸಾವಿರದ ಇನ್ನೂರಾ ಹದಿನೆಂಟು.
ಆಡು. ಆಡು. ಆಡಿನ ಹಿಂದೆ ಒಬ್ಬ ಮುದುಕನ ಮೊಣಕಾಲು.
ಇಣುಕಿ ಹಲ್ಲು ಕಿಸಿದ ಹುಡುಗ, ಡೋಣಿಯವನಿರಬೇಕು,
ಮರುದಿನ ಗೆಳೆಯನನ್ನೂ ಕರೆತಂದಿದ್ದಾನೆ,
ಇಬ್ಬರೂ ತಲೆ ಬಾಚಿಕೊಂಡಿದ್ದಾರೆ.
ಒಂದು ಮುಳ್ಳುಹಂದಿ, ಮದುವೆಗೆ ತಡವಾದವರ ಹಾಗೆ.
ಉಳಿದದ್ದೆಲ್ಲ ಗಾಳಿ, ಹುಲ್ಲು, ಗಾಳಿ.

'ಏನೂ ಇಲ್ಲ' ಎಂದೊಂದು ಫೋಲ್ಡರು. ಅದಕ್ಕೇ ಎಸೆಯುತ್ತ ಹೋದೆ.
ಎರಡನೇ ದಿನ ಕೈ ತಡೆಯಿತು.
ಏನೂ ಇಲ್ಲ ಅನ್ನುವುದಾದರೂ ಹೇಗೆ,
ಬೆಳಗಿನ ಹುಲ್ಲು ಇಬ್ಬನಿಗೆ ಕುತ್ತಿಗೆ ಬಗ್ಗಿಸಿರುವಾಗ,
ಮಧ್ಯಾಹ್ನದ್ದು ಸಜ್ಜೆರೊಟ್ಟಿಯಂತೆ ಕಾದಿರುವಾಗ,
ರಾತ್ರಿಯದು ನಮ್ಮತ್ತೆಯ ಬಿಚ್ಚಿದ ಕೂದಲಿನ ಹಾಗೆ
ಬೆಳ್ಳಗೆ, ಯಾರನ್ನೂ ಕೇಳದೆ, ನಿಂತಿರುವಾಗ?

ಆಮೇಲೆ ಅದು ಸಿಕ್ಕಿತು.
ಒಂದು ಕಡೆ ಹುಲ್ಲು ಮಲಗಿತ್ತು.
ಗಾಳಿ ತಿರುಗಿದರೂ ಆ ಒಂದು ಮಾರು ಏಳಲಿಲ್ಲ,
ಮರುದಿನವೂ ಏಳಲಿಲ್ಲ.
ಲೆಕ್ಕದವರ ಕಣ್ಣು. ತಾಳೆಯಾಗದ್ದು ಚುಚ್ಚುತ್ತದೆ.

ಭತ್ಯೆಯ ಚೀಟಿ ತಂದಿದ್ದ ಬೀರಪ್ಪನನ್ನು ಕರೆದೆ,
ಕುರಿ ಕಾಯ್ದು ಮುಪ್ಪಾಗಿ ನಮ್ಮ ಕಾವಲಿಗೆ ಬಂದವ.
ರುಮಾಲು ಬಿಚ್ಚಿ ಮಡಿಲಲ್ಲಿಟ್ಟುಕೊಂಡ,
ಬೆರಳು ಪರದೆಗೆ ತಾಗಿಸಲಿಲ್ಲ, ಮೇಲೆಯೇ ಆಡಿಸಿದ.
'ಮಲಗಿದ್ದಲ್ರಿ ಅಕ್ಕಾರ, ಮಲಗಿಸಿದ್ದು.
ಹಿಂದ ಕಲ್ಲಸಂದಿ ಐತಿ ನೋಡ್ರಿ. ಮರಿ ಹಾಕೇತಿ.'
'ತೋಳಾನ?'
'ಸಣ್ಣಗ ಅನ್ರಿ.'

ಅವನಣ್ಣನ ಹನ್ನೊಂದು ಕುರಿ ಹೋದ ವರ್ಷ ಹೋಗಿದ್ದವು.
ಪರಿಹಾರದ ಅರ್ಜಿ ಬರೆದವಳು ನಾನೇ; ಇನ್ನೂ ಬಂದಿಲ್ಲ.
'ಸಿಟ್ಟಿಲ್ಲೇನೋ?' ಎಂದೆ.
'ಐತ್ರಿ. ದಿನಾ ಬೈತೇನಿ.
ಬೈಯಾಕರ ಅದು ಇರಬೇಕಲ್ರಿ.'

ಜೀಪಿನ ಮೌಲಾಸಾಬ ಕೈ ಒರೆಸುತ್ತ ಬಂದು ನಿಂತ.
ಕಿರುಬನ ಫೋಟೋ ಹೊರಗೆ ಬಿಟ್ಟ ವರ್ಷ
ಮುಂದಿನ ಐತವಾರ ಹದಿನೇಳು ಕಾರು, ಅವನು ಎಣಿಸಿದ್ದ;
ಮೂರನ್ನು ಹಗ್ಗ ಕಟ್ಟಿ ಹಳ್ಳದಿಂದ ಎಳೆದಿದ್ದ.
ಕಿರುಬ ಮತ್ತೆ ಆ ಕಡೆ ಸುಳಿಯಲಿಲ್ಲ.

ವರದಿಯಲ್ಲಿ 'ಕಂಡದ್ದು' ಎಂಬ ಮನೆ ಇದೆ.
ರೊಕ್ಕ ಕೊಡುವವರು ಮೊದಲು ನೋಡುವುದೇ ಅದನ್ನು.
ತೋಳ ಎಂದು ಬರೆದರೆ ಮುಂದಿನ ವರ್ಷದ ಪಗಾರ ಖರೆ.
ಶಾಂತಗೌಡ್ರು ಟಾಕಿಯನ್ನೇ ನೋಡುತ್ತ ನಿಂತರು,
ಚಹಾ ಆರಿತು.
'ನೀವ ಬರೀರಿ,' ಎಂದರು, 'ನಾ ಸಹಿ ಮಾಡ್ತೇನಿ.'

ಬರೆದೆ.
ಕ್ಯಾಮೆರಾ ಒಂಬತ್ತು. ಐವತ್ತೆರಡು ರಾತ್ರಿ. ಏನೂ ಇಲ್ಲ.
ಕೈ ನಡುಗಲಿಲ್ಲ; ಅದಕ್ಕೇ ಸ್ವಲ್ಪ ಹೆದರಿದೆ.

ಬೀರಪ್ಪನ ಚೀಟಿ: ಡಂಬಳದ ಬಸ್ಸು, ಎರಡು ಚಹಾ.
'ಒಂದ ಚಹಾ ಹೊಡದಹಾಕ್ರಿ, ಅದು ನಂದು' ಎಂದ.
ಹೊಡೆದುಹಾಕಿದೆ.

ಸಂಜೆ ಬೀಗ ಹಾಕುವಾಗ
ಟಾಕಿಯ ಮೇಲಿನ ಲುಂಗಿ ಅಲುಗಿತು.
ಅಲ್ಲೊಂದು ಕ್ಯಾಮೆರಾ ಇದ್ದಿದ್ದರೆ ತೆಗೆದುಬಿಡುತ್ತಿತ್ತು,
ಹಿಂದೆ ಬೀಗ ಜಗ್ಗಿ ನೋಡುತ್ತಿರುವ ನನ್ನನ್ನೂ ಸೇರಿಸಿ.